ಲಾಕ್ ತೆಗೆದವಳ ಮೇಲೆ ಅನುಮಾನ

ನೋಯ್ಡಾದ ನಮ್ಮ ಆಫೀಸಿನಲ್ಲಿ ಕೆಲಸ ಕೆಟ್ಟರೆ ಒಂದು ಅನುಮಾನ, ಕೆಡದಿದ್ದರೆ ಎರಡು. ಇಂಥದ್ದು ವಾರಕ್ಕೊಂದಾದರೂ ನಡೆಯುತ್ತಿತ್ತು. ನಾನು ಹಿಂದೆ ಏನೂ ಬರೆದವಳಲ್ಲ, ಆದ್ದರಿಂದ ಮೊದಲು ವಿಷಯ ಬಿಡಿಸಿ ಹೇಳಿಬಿಡುತ್ತೇನೆ. ಕಂಪ್ಯೂಟರನ್ನೆಲ್ಲ ನಡೆಸುವ ಮೂಲ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ನಮ್ಮ ಹೊಸ ಮಷಿನ್ನಿನಲ್ಲಿ ನಾಲ್ಕು ಪ್ರೊಸೆಸರ್ ಇದ್ದವು. ಆದರೆ ಕರ್ನಲ್ಲಿನೊಳಗೆ ಒಂದು ಸಲಕ್ಕೆ ಒಂದೇ ಹೋಗಬೇಕೆಂದು ಹಿಂದೆ ಯಾರೋ ಒಂದು ದೊಡ್ಡ ಲಾಕ್ ಹಾಕಿದ್ದರು. ಉಳಿದ ಮೂರು ಹೊರಗೆ ಕಾಯುತ್ತಿದ್ದವು. ಅದನ್ನು ತೆಗೆದು, ಎರಡು ಪ್ರೊಸೆಸರ್ ಡಿಕ್ಕಿ ಹೊಡೆದು ಮಷಿನ್ ನಿಲ್ಲುವಂಥ ಜಾಗಗಳಲ್ಲಿ ಮಾತ್ರ ಚಿಕ್ಕ ಚಿಕ್ಕ ಲಾಕ್ ಹಾಕುವುದು ನನ್ನ ಕೆಲಸ. ಮಷಿನ್ ಒಂದು ಇಡೀ ದಿನ ನಿಲ್ಲದೆ ಓಡಿದರೆ ನನ್ನ ನೌಕರಿ ಕಾಯಂ. ಇಲ್ಲದಿದ್ದರೆ ಮನೆಗೆ.

೧

ದಿಲ್ಲಿಯ ದ್ವಾರಕಾದ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅಪ್ಪ ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು.

“ಆ ಲಾಕ್ ಹಾಕಿದ್ದು ಯಾರು?”

“ಗೊತ್ತಿಲ್ಲಪ್ಪ.”

“ಯಾಕೆ ಹಾಕಿದ್ರು ಅಂತ ಎಲ್ಲಾದ್ರೂ ಬರೆದಿದಾರಾ?”

“ಇಲ್ಲ.”

“ನೀನು ತೆಗೆದ್ರೆ ನಿನ್ನ ಹೆಸರು ದಾಖಲೆಗೆ ಬರುತ್ತಾ?”

“ಬರುತ್ತೆ. ತಾರೀಖು, ಟೈಮು ಸಮೇತ.”

ಅಪ್ಪ ಚಪಾತಿ ಕೆಳಗಿಟ್ಟರು. “ಇಂಥ ಫೈಲು ನನ್ನ ಟೇಬಲ್ಲಿಗೆ ಬಂದಿದ್ರೆ, ಓದದೇನೇ ಪಕ್ಕದ ಸೆಕ್ಷನ್ನಿಗೆ ಕಳಿಸಿಬಿಡ್ತಿದ್ದೆ.”

೨

ನಮ್ಮ ಟೀಮಿನ ಸಾಹೇಬರು ಕೊಡಗಿನವರು, ಸೈನ್ಯದಲ್ಲಿದ್ದು ಬಂದವರು. ನನ್ನ ಜೊತೆ ಕನ್ನಡದಲ್ಲೇ ಮಾತು. ಲಾಕ್ ತೆಗೆದು ಮೊದಲ ಸಲ ಓಡಿಸಿದೆ. ಮಧ್ಯಾಹ್ನದವರೆಗೂ ಮಷಿನ್ ಒಂದು ಸಲವೂ ನಿಲ್ಲಲಿಲ್ಲ. ಖುಷಿಯಿಂದ ಹೋಗಿ ಹೇಳಿದೆ.

“ಏನೂ ಕೆಟ್ಟಿಲ್ವಾ?” ಎಂದರು.

“ಏನೂ ಇಲ್ಲ ಸರ್.”

“ಹಾಗಾದ್ರೆ ನೀನು ಏನೂ ತೆಗೆದಿಲ್ಲಮ್ಮ.”

ನನಗೆ ಅಳುವೇ ಬಂತು. ಹೋಗಿ ನೋಡಿದರೆ, ಬೆಳಗಿನಿಂದ ಓಡುತ್ತಿದ್ದದ್ದು ಹಳೇ ಕರ್ನಲ್ಲು.

೩

ಹೊಸದನ್ನು ಹಾಕಿದ ಮೇಲೆ ಇನ್ನೊಂದು ಕಾಟ. ಸಾಹೇಬರು ನೋಡುತ್ತಿರುವಷ್ಟು ಹೊತ್ತು ಮಷಿನ್ ಓಡುತ್ತದೆ, ಅವರು ಚಹಾಕ್ಕೆ ಎದ್ದರೆ ನಿಂತುಬಿಡುತ್ತದೆ. ಮೂರು ಸಲ ಹೀಗೇ ಆಯಿತು.

“ನಾನು ಅತ್ಲಾಗೆ ಹೋದ ತಕ್ಷಣ ಏನೋ ಮಾಡ್ತೀಯ ನೀನು.”

“ಇಲ್ಲ ಸರ್. ಏಳುವಾಗ ನೀವೇ ಏನೋ ಮಾಡ್ತೀರ.”

ಕಾರಣ ಸಿಕ್ಕಿದ್ದು ಮೂರನೇ ದಿನ. ಯಾರನ್ನೂ ನಂಬದ ಸಾಹೇಬರು, ಮಷಿನ್ ಇಡುವ ಹೆಜ್ಜೆ ಹೆಜ್ಜೆಯೂ ತಮ್ಮ ಪರದೆಯ ಮೇಲೆ ಅಚ್ಚಾಗುವಂತೆ ಒಂದು ಕಿಟಕಿ ತೆರೆದಿಟ್ಟಿದ್ದರು, ಏಳುವಾಗ ಮುಚ್ಚುತ್ತಿದ್ದರು. ಅಷ್ಟೆಲ್ಲ ಅಚ್ಚು ಮಾಡುವಷ್ಟರಲ್ಲಿ ಪ್ರೊಸೆಸರ್‌ಗಳು ನಿಧಾನವಾಗಿ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರಲಿಲ್ಲ. ಅಂದರೆ ಎಲ್ಲೋ ಒಂದು ಚಿಕ್ಕ ಲಾಕ್ ಹಾಕಲು ನಾನು ಮರೆತಿದ್ದೆ. ಎಲ್ಲಿ ಅಂತ ಗೊತ್ತಿಲ್ಲ. ಇಡೀ ದಿನ ಓಡಿಸುವ ಪರೀಕ್ಷೆ ಮಾರನೇ ದಿನವೇ.

“ಕಿಟಕಿ ತೆರೆದಿಟ್ಟು ಹೋದ್ರೆ ಸಾಕು ಸರ್,” ಎಂದೆ.

“ಕಿಟಕಿಯೊಂದೇ ಕಾರಣ ಅಂತ ಏನು ಗ್ಯಾರಂಟಿ?” ಎಂದ ಸಾಹೇಬರು, ಮಾರನೇ ದಿನ ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತವರು ಊಟಕ್ಕೂ ಏಳಲಿಲ್ಲ. ಮಷಿನ್ ನಿಲ್ಲಲಿಲ್ಲ.

ಸಂಜೆ ದೊಡ್ಡ ಸಾಹೇಬರು, ಪಕ್ಕಾ ದಿಲ್ಲಿಯವರು, ನನ್ನ ಕಾಯಂ ಪತ್ರ ಹಿಡಿದುಕೊಂಡೇ ಬಂದರು. “ಇವತ್ತು ನೀವು ಸೀಟು ಬಿಟ್ಟು ಏಳಲೇ ಇಲ್ಲವಂತೆ?” ಎಂದು ಹಿಂದಿಯಲ್ಲಿ ಕೇಳಿದರು.

ನಮ್ಮ ಸಾಹೇಬರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ನಾನು ಎದ್ದರೆ ಮಷಿನ್ ನಿಲ್ಲುತ್ತೆ ಸರ್,” ಎಂದುಬಿಟ್ಟರು.

ದೊಡ್ಡ ಸಾಹೇಬರು ಮಷಿನ್ ನೋಡಿದರು, ಕುರ್ಚಿ ನೋಡಿದರು. ಪತ್ರ ಮಡಿಸಿ ಜೇಬಿಗಿಟ್ಟುಕೊಂಡು ನನ್ನ ಕಡೆ ತಿರುಗಿದರು.

“ಅಚ್ಛಾ. ಇದನ್ನು ಕೊಳ್ಳೋ ಒಬ್ಬೊಬ್ಬ ಗಿರಾಕಿಗೂ ಮಷಿನ್ ಜೊತೆ ಇವರನ್ನೂ ಕಳಿಸಬೇಕಲ್ಲ. ನಮ್ಮ ಹತ್ತಿರ ಇರೋದು ಒಬ್ಬರೇ.”