ಶೆಫೀಲ್ಡಿನಲ್ಲಿ ಒಂದು ಕಾಗೆಗಾಗಿ

ಪರದೇಶದಲ್ಲಿದ್ದು ಹೆತ್ತವರ ತಿಥಿ ಮಾಡುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ನನಗೆ ಸ್ವಲ್ಪ ಜಾಸ್ತಿ.

೧

ಅಮ್ಮ ತೀರಿಕೊಂಡ ಮರುವರ್ಷ ಶೆಫೀಲ್ಡಿನ ನಮ್ಮ ಹಿತ್ತಲಲ್ಲಿ ಕಾಗೆಗೆ ಎಡೆ ಇಟ್ಟೆ. ಕಾಗೆ ಮುಟ್ಟುವವರೆಗೆ ನಾವು ಊಟ ಮಾಡುವ ಹಾಗಿಲ್ಲ. ಕಾಗೆ ಬರಲಿಲ್ಲ. ಪಕ್ಕದ ಮನೆಯ ಬೆಕ್ಕು ಬಂದು ವಡೆಯನ್ನಷ್ಟೇ ಆರಿಸಿಕೊಂಡು ಹೋಯಿತು. ಮರುದಿನ ಅದರ ಯಜಮಾನಿ ಬಂದು, ಬೆಕ್ಕು ಡಬ್ಬಿ ಊಟ ಬಿಟ್ಟುಬಿಟ್ಟಿದೆ, ಅದಕ್ಕೆ ಏನು ಹಾಕಿದಿರಿ ಎಂದು ವಿಚಾರಿಸಿದರು.

೨

ಮುಂದಿನ ವರ್ಷ ತಿಥಿ ಏಪ್ರಿಲ್‌ನ ಒಂದು ಶನಿವಾರ ಬಿತ್ತು. ಅದೇ ದಿನ ನಾನು ಕೆಲಸ ಮಾಡುವ ಆಸ್ಪತ್ರೆಯ ಹಕ್ಕಿ ನೋಡುವ ಗುಂಪು ಊರಾಚೆಯ ಕಾಡಿಗೆ ಹೊರಟಿತ್ತು. ಹಕ್ಕಿಗಳಿರುವ ಕಡೆಗೇ ಎಡೆ ಒಯ್ಯೋಣ ಎಂದಳು ಹೆಂಡತಿ. ಡಬ್ಬಿ ಕಟ್ಟಿಕೊಂಡು ಹೋದೆವು.

ಕಾಡಿನಲ್ಲಿ ಹತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರು, ಆಫ್ರಿಕಾದಿಂದ ಬರುವ ಒಂದು ಪುಟ್ಟ ಹಕ್ಕಿಗಾಗಿ. ಗುಂಪಿನ ಮುಖಂಡರು ಅದೇ ಆಸ್ಪತ್ರೆಯಲ್ಲಿ ರೋಗಿಗಳ ಗಾಲಿಮಂಚ ತಳ್ಳುತ್ತಿದ್ದ ನಿವೃತ್ತ ಪೋರ್ಟರ್. ನಿಮಗೆ ಯಾವ ಹಕ್ಕಿ ನೋಡುವ ಆಸೆ ಎಂದು ಪಿಸುದನಿಯಲ್ಲಿ ಕೇಳಿದರು. ಕಾಗೆ ಎಂದೆ. ಅವರು ನನ್ನ ದುರ್ಬೀನು ಇಸಕೊಂಡು, ಗಾಜು ಒರೆಸಿ ವಾಪಸು ಕೊಟ್ಟರು.

೩

ಮಧ್ಯಾಹ್ನ ಕಾಡಿನಂಚಿನ ಜಲಾಶಯದ ದಂಡೆಯ ಬಂಡೆಯ ಮೇಲೆ ಎಡೆ ಬಡಿಸಿ, ಎಲ್ಲರಿಗೂ ವಿಷಯ ಬಿಡಿಸಿ ಹೇಳಿದೆ. ಪಾಪ, ತೆರೆದಿದ್ದ ಸ್ಯಾಂಡ್‌ವಿಚ್ ಮುಚ್ಚಿಟ್ಟು ಅವರೂ ಕಾದರು. ಮೂರು ಕಾಗೆಗಳು ಕಲ್ಲುಗೋಡೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದವು. ಒಂದೂ ಇಳಿಯಲಿಲ್ಲ. ಒಂದು ಗಂಟೆಯಾಯಿತು.

"ಅತ್ತೆಗೆ ಏನು ಬೇಕು ಅಂತ ನಿಮಗೆ ಗೊತ್ತಿದೆ. ಹೇಳಿಬಿಡಿ," ಎಂದಳು ಹೆಂಡತಿ.

ಗೊತ್ತಿತ್ತು. ಅಮ್ಮನ ಕೊನೆಗಾಲದಲ್ಲಿ ನಾನು ಹೋಗಲಿಲ್ಲ. ಆಸ್ಪತ್ರೆಯ ಡ್ಯೂಟಿ ರೋಟಾ ಬಿಡಲಿಲ್ಲ ಎಂದೆ. ನಿನಗೆ ಮನಸ್ಸಿರಲಿಲ್ಲ ಎಂದಳು ದಾವಣಗೆರೆಯ ಅಕ್ಕ. ಎರಡು ವರ್ಷದಿಂದ ಮಾತಿಲ್ಲ. ಅವಳು ಹೇಳಿದ್ದೇ ನಿಜವಿರಬಹುದು ಎಂಬುದು ನನ್ನ ಸಂಕಟ.

ಕೈಮುಗಿದು, ಅಕ್ಕನಿಗೆ ಇವತ್ತೇ ಫೋನ್ ಮಾಡ್ತೀನಮ್ಮ ಎಂದೆ. ಒಂದು ಕಾಗೆ ಇಳಿದು ಬಂದು ಅನ್ನಕ್ಕೆ ಬಾಯಿ ಹಾಕಿತು. ನನ್ನ ಕಣ್ಣು ತುಂಬಿತು. ಏನೆಂದಿರಿ ಎಂದು ಕೇಳಿದ ಮುಖಂಡರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಟೋಪಿ ತೆಗೆದು, ಸ್ವಲ್ಪ ಯೋಚಿಸಿ, ಆ ಆಫ್ರಿಕಾದ ಹಕ್ಕಿಗೂ ಒಂದು ಮಾತು ಹೇಳಲಾಗುತ್ತದೆಯೇ ಎಂದು ಕೇಳಿದರು.

ಮನೆಗೆ ಬಂದವನೇ ಫೋನ್ ಮಾಡಿದೆ. ದನಿ ಕೇಳಿದ್ದೇ ಅಕ್ಕ, "ಕಾಗೆ ಮುಟ್ಟಲಿಲ್ವಾ?" ಎಂದಳು.

"ಮುಟ್ಟಿತು. ನಿನಗೆ ಫೋನ್ ಮಾಡ್ತೀನಿ ಅಂದ ಮೇಲೆ."

ಅವಳು ಮೂಗು ಎಳೆದುಕೊಂಡ ಸದ್ದು ಕೇಳಿಸಿತು.

"ಬೆಳಿಗ್ಗೆ ಮಹಡಿ ಮೇಲೆ ಎಡೆ ಇಟ್ಟು ನಾನೂ ಅದನ್ನೇ ಹೇಳಿದ್ದೆ ಕಣೋ. ತಕ್ಷಣ ಬಂತು. ಹೇಗೂ ಅದು ತಿಂದಾಯ್ತಲ್ಲ, ಫೋನ್ ನೀನೇ ಮಾಡಲಿ ಅಂತ ಸುಮ್ಮನಾದೆ."