ಹತ್ತು ಬಾಟ್ಲಿ ಬೋರಿನ ನೀರು

ನೀರಿನ ಬಾಟ್ಲಿ ಹಿಡಿದು ಊರೂರು ತಿರುಗುವವರು ಎಡವಟ್ಟನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಬಸ್ ಸ್ಟ್ಯಾಂಡಿಗೆ ಬಂದು ಕಾಯುತ್ತಿರುತ್ತದೆ. ನಾನು ಓದುತ್ತಿದ್ದದ್ದು ಪರಿಸರ ವಿಜ್ಞಾನ ಮತ್ತು ಸಾರ್ವಜನಿಕ ನೀತಿ, ಎಂ.ಎಸ್ಸಿ ಕೊನೇ ವರ್ಷ. ನಾಲ್ಕು ತಾಲ್ಲೂಕಿನ ನೀರು ಪರೀಕ್ಷೆ ಮಾಡಿಸಿ ಪ್ರಬಂಧ ಬರೆಯಬೇಕಿತ್ತು. ನಮ್ಮ ಗೈಡ್ ಮೇಡಂ ಒಂದೇ ಮಾತು ಹೇಳಿದ್ದರು: "ಕೊನೇ ಶುಕ್ರವಾರದೊಳಗೆ ತಂದರೆ ಸಹಿ. ಇಲ್ಲಾಂದ್ರೆ ಮುಂದಿನ ವರ್ಷ." ಹೇಳಿದ್ದನ್ನು ಮಾಡುವ ಹೆಂಗಸು. ಆ ತಿಂಗಳು ನನಗೆ ಅನ್ನ ಸೇರುತ್ತಿರಲಿಲ್ಲ.

ಹೊನ್ನಾಳಿ: ಕೆಟ್ಟ ಮೋಟ್ರು

ಸಾಸ್ವೆಹಳ್ಳಿ ಹತ್ತಿರ ಹೊಳೆ ದಂಡೆಯ ಪಂಪ್‌ಸೆಟ್ಟಿನ ನೀರು ಬೇಕಿತ್ತು. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಪ್ಯಾಡು. ನನ್ನನ್ನು ಕಂಡದ್ದೇ ತಡ, ದಂಡೆಯುದ್ದಕ್ಕೂ ಮೋಟ್ರುಗಳು ಒಂದೊಂದಾಗಿ ನಿಂತವು.

"ಮೋಟ್ರು ಕೆಟ್ಟೈತ್ರಿ ಮೇಡಂ," ಅಂದರು ಗದ್ದೆಯ ಯಜಮಾನರೊಬ್ಬರು. ಪಕ್ಕದವರದ್ದೂ ಕೆಟ್ಟಿತ್ತು. ಅದರಾಚೆಯವರದ್ದು ಹೋದ ವಾರವೇ ಸುಟ್ಟಿತ್ತಂತೆ. ಮೋಟ್ರಿನ ಕಾಲುವೆ ನೋಡಿದರೆ ಇನ್ನೂ ತುಂಬಿ ಹರಿಯುತ್ತಿತ್ತು. ಬಿಸಿಲಲ್ಲಿ ಎರಡು ಗಂಟೆ ಕೂತೆ. ಕೊನೆಗೆ ಅಳು ಬಂದು, "ನಾನು ಮೋಟ್ರು ಹಿಡಿಯೋ ಆಫೀಸಿನೋಳಲ್ರಿ, ಓದೋ ಹುಡುಗಿ. ಒಂದು ಬಾಟ್ಲಿ ನೀರು ಸಿಗದಿದ್ರೆ ನಂದು ಒಂದು ವರ್ಷ ಹೋಗ್ತೈತೆ" ಅಂದೆ.

ಯಜಮಾನರು ಎದ್ದು ಹೋಗಿ ಸ್ವಿಚ್ಚು ಒತ್ತಿದರು. "ಈಗ ರಿಪೇರಿ ಆತು ನೋಡವ್ವ," ಅಂದರು.

ಚನ್ನಗಿರಿ: ಒಂದೇ ಮಾತು

ಉಬ್ರಾಣಿಯಲ್ಲಿ ನೀರಿನ ಜೊತೆ ಜನರ ಅಭಿಪ್ರಾಯವೂ ಬೇಕಿತ್ತು. ಕುಡಿಯುವ ನೀರು ಒಳ್ಳೆಯದೋ, ಪರವಾಗಿಲ್ಲವೋ, ಕೆಟ್ಟದ್ದೋ? ಕಟ್ಟೆ ಮೇಲಿದ್ದ ಅಜ್ಜನನ್ನು ಮೊದಲು ಕೇಳಿದ್ದೇ ತಪ್ಪಾಯಿತು. "ಪರವಾಗಿಲ್ಲ ಅಂತ ಬರ್ಕಳ್ರಿ" ಅಂದರು. ಎರಡನೆಯವರು ಪ್ರಶ್ನೆ ಪೂರ್ತಿ ಕೇಳಲೇ ಇಲ್ಲ. "ಅಜ್ಜ ಏನಂದ್ರು? ನಂದೂ ಅದೇ." ಸಂಜೆ ಹೊತ್ತಿಗೆ ಅಷ್ಟೂ ಫಾರಂನಲ್ಲಿ ಪರವಾಗಿಲ್ಲ, ಪರವಾಗಿಲ್ಲ.

ಅಜ್ಜನಿಗೆ ಕೈ ಮುಗಿದೆ. "ಎಲ್ರುದೂ ಒಂದೇ ಇದ್ರೆ ನಮ್ಮ ಮೇಡಂ ನಂಬಲ್ಲ ಅಜ್ಜ. ಮನೇಲಿ ಕೂತು ನಾನೇ ಗೀಚಿದೀನಿ ಅಂತಾರೆ."

ಅಜ್ಜ ಕಟ್ಟೆ ಮೇಲಿದ್ದವರ ಕಡೆ ತಿರುಗಿ, "ಲೇ, ನೀವು ನಾಕು ಮಂದಿ ಕೆಟ್ಟದ್ದು ಅಂತ ಹೇಳ್ರಪ್ಪ. ಪಾಪ, ಹುಡುಗಿಗೆ ತೊಂದ್ರೆ ಆಗ್ತೈತಂತೆ" ಅಂದರು.

ನ್ಯಾಮತಿ: ಫ್ರಿಜ್ಜು

ನಮ್ಮ ಮನೆ ಇರುವುದು ನ್ಯಾಮತಿಯಲ್ಲಿ. ಬಾಟ್ಲಿಗಳಿಗೆ ಚೀಟಿ ಅಂಟಿಸಿ ಮನೆಯ ಫ್ರಿಜ್ಜಿನಲ್ಲಿಟ್ಟಿದ್ದೆ, ಮುಟ್ಟಲ್ಲ ಅಂತ ಅಮ್ಮನ ಕೈಲಿ ಆಣೆ ಹಾಕಿಸಿದ್ದೆ. ದೊಡ್ಡಪ್ಪನಿಗೆ ಹೇಳಿರಲಿಲ್ಲ. ಮಧ್ಯಾಹ್ನ ಬಿಸಿಲಿಂದ ಬಂದವರು ಹೊನ್ನಾಳಿ ಬಾಟ್ಲಿ ಎತ್ತಿ ಪೂರ್ತಿ ಕುಡಿದು, ಒಳ್ಳೆಯವರ ಹಾಗೆ ತೊಳೆದೂ ಇಟ್ಟಿದ್ದರು. ಸಿಟ್ಟು ನೆತ್ತಿಗೇರಿತು, ಆದರೆ ದೊಡ್ಡವರು, ಬೈಯುವ ಹಾಗಿಲ್ಲ. ಮತ್ತೆ ಸಾಸ್ವೆಹಳ್ಳಿ ಬಸ್ಸು ಹತ್ತಿದೆ.

ಸಂಜೆ ವಾಪಸ್ಸು ಬಂದಾಗ ದೊಡ್ಡಪ್ಪ ಮೆಲ್ಲಗೆ ಕೇಳಿದರು. "ಅಲ್ಲವ್ವ, ಆ ನೀರು ಕುಡಿಯಾಕೆ ಯೋಗ್ಯ ಐತೋ ಇಲ್ಲೋ?"

"ಅದರ ರಿಪೋರ್ಟು ನಾಳೆ ಬೆಳಿಗ್ಗೆ ನೀವೇ ಹೇಳ್ಬೇಕು ದೊಡ್ಡಪ್ಪ," ಅಂದೆ.

ಜಗಳೂರು: ಮರ್ಯಾದೆ

ಪ್ರಬಂಧದ ಜೀವ ಇದ್ದದ್ದು ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ. ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ, ಹಲ್ಲು ಮೂಳೆ ಹಾಳಾಗುತ್ತವೆ, ಜನಕ್ಕೆ ಅದರ ಅರಿವಿಲ್ಲ, ಸರ್ಕಾರ ಅರಿವು ಮೂಡಿಸಬೇಕು ಅಂತ ಕೊನೇ ಅಧ್ಯಾಯ ಮೊದಲೇ ಬರೆದಿಟ್ಟಿದ್ದೆ. ಹೋದ ದಿನ ಕರೆಂಟಿರಲಿಲ್ಲ. ಹತ್ತು ಮನೆಗೆ ಬಾಟ್ಲಿ ಹಂಚಿ, "ಕರೆಂಟ್ ಬಂದಾಗ ನಿಮ್ಮ ನಿಮ್ಮ ಬೋರಿನ ನೀರು ತುಂಬಿಸಿಡ್ರಿ" ಅಂದೆ. ಸಂಜೆಗೆ ಹತ್ತೂ ತುಂಬಿದ್ದವು.

ಬುಧವಾರ ಲ್ಯಾಬಿನ ರಿಪೋರ್ಟು ಬಂತು. ಹತ್ತರಲ್ಲೂ ಫ್ಲೋರೈಡ್ ಇದ್ದೂ ಇಲ್ಲದಷ್ಟು. ಮೇಡಂ ಫೋನಿನಲ್ಲಿ, "ಜಗಳೂರಿಗೆ ಹೋಗಿದ್ದೆಯಾ, ಇಲ್ಲಾ ದಾರೀಲಿ ಅಂಗಡಿ ನೀರು ತುಂಬಿಸಿಕೊಂಡು ಬಂದೆಯಾ?" ಅಂದರು. ಗುರುವಾರ ಮೊದಲನೇ ಬಸ್ಸಿಗೇ ಓಡಿದೆ.

"ಅಮ್ಮಾ, ನೀವು ತುಂಬಿಸಿದ್ದು ಬೋರಿನ ನೀರೇನಾ?" ಅಂತ ಮೊದಲನೇ ಮನೆಯವರನ್ನು ಕೇಳಿದೆ.

"ಇಲ್ಲವ್ವ. ಅದನ್ನ ಕುಡಿದ್ರೆ ಹಲ್ಲು ಹಳದಿ ಆಗ್ತವೆ, ಮಂಡಿ ಹಿಡ್ಕಂತವೆ. ಊರಿನ ಫಿಲ್ಟರ್ ಕೆಟ್ಟಾಗ ನಾವು ಹೆಂಗೋ ಅದನ್ನೇ ಕುಡೀತೀವಿ, ಅಭ್ಯಾಸ ಆಗೈತೆ. ಮನೆಗೆ ಬಂದ ಹೆಣ್ಮಗಳು ಬಾಯಿ ಬಿಟ್ಟು ನೀರು ಕೇಳಿದ್ರೆ ಅಂಥದ್ದು ಕೊಡಾಕೆ ಆಗ್ತೈತಾ? ನಮ್ಮೂರಿಂದು ಕೆಟ್ಟಿತ್ತು, ಪಕ್ಕದೂರಿಂದ ಫಿಲ್ಟರ್ ನೀರು ತರಿಸಿ ತುಂಬಿದೆ. ಓಣಿಯೋರಿಗೆಲ್ಲ ನಾನೇ ಹೇಳ್ದೆ."

ಕೆಟ್ಟ ನೀರೇ ಕೊಡಿ ಅಂತ ಗೋಗರೆದೆ. ಆಯಮ್ಮ ಒಲ್ಲದ ಮನಸ್ಸಿನಿಂದ ಹತ್ತೂ ಮನೆಯದ್ದನ್ನು ತುಂಬಿಸಿಕೊಟ್ಟು, "ಯಾರಿಗೂ ಕುಡಿಯಾಕೆ ಕೊಡಲ್ಲ ಅಂತ ಮಾತು ಕೊಡು. ನಮ್ಮೂರ ಮರ್ಯಾದೆ" ಅಂದರು. ಮಾತು ಕೊಟ್ಟೆ.

ಶುಕ್ರವಾರ ಲ್ಯಾಬಿನವರ ಕಾಲು ಹಿಡಿದು ರಿಪೋರ್ಟು ಪಡೆದೆ. ಹತ್ತರಲ್ಲೂ ಫ್ಲೋರೈಡ್ ಭರ್ತಿ. ಕುಣಿಯುವಷ್ಟು ಖುಷಿಯಾಯಿತು, ಆ ನೀರು ಕುಡಿಯುವವರು ನೆನಪಾಗಿ ನಾಚಿಕೆಯೂ ಆಯಿತು. ಮೇಡಂ ಹಾಳೆ ತಿರುವುತ್ತಾ, "ಜನಕ್ಕೆ ಅರಿವಿಲ್ಲ ಅಂತ ಬರೆದಿದ್ದೆಯಲ್ಲ, ಎಲ್ಲಿ?" ಅಂದರು.

"ತೆಗೆದು, ನೆಂಟರಿಗೆ ಕೊಡೋ ನೀರು ಮನೆಯವರಿಗೂ ದಿನಾ ಸಿಗಲಿ ಅಂತ ಬರೆದೆ ಮೇಡಂ. ಅರಿವು ಹತ್ತೂ ಮನೇಲಿತ್ತು. ಇಲ್ಲದೇ ಇದ್ದೋಳು ನಾನೊಬ್ಬಳೇ."

ಮೇಡಂ ಮೊದಲ ಸಲ ನಕ್ಕರು. ಸಹಿ ಹಾಕಿದರು. ಬಿಸಿಲಿಗೆ ಗಂಟಲು ಒಣಗಿತ್ತೇನೋ, ನಾನು ಲ್ಯಾಬಿನಿಂದ ತಂದು ಮೇಜಿನ ಮೇಲಿಟ್ಟಿದ್ದ ಬೋರಿನ ನೀರಿನ ಬಾಟ್ಲಿಯನ್ನೇ ಎತ್ತಿ ಬಾಯಿಗಿಟ್ಟರು. ಹಾರಿ ಹೋಗಿ ಕಿತ್ತುಕೊಂಡೆ.

"ಬೇಡ ಮೇಡಂ," ಅಂದೆ, "ಜಗಳೂರಿನೋರ ಮರ್ಯಾದೆ ಹೋಗ್ತೈತೆ."