ಜಯಕೇತುವಿನ ಕೂದಲು

ಅಂದು ಬೆಳಿಗ್ಗೆ ಸಾರಿನಲ್ಲಿ ಉಪ್ಪಿರಲಿಲ್ಲ. ವೆಂಕಟಸುಬ್ಬಯ್ಯ ಮೊದಲ ತುತ್ತನ್ನು ಬಾಯಿಗಿಟ್ಟು ಹಾಗೇ ಕೂತ.

"ಕಮಲ, ಸಾರಿಗೆ ಉಪ್ಪು ಹಾಕಿಲ್ಲ."

"ಹಾಕೋಕೆ ಕೈ ಬರಲಿಲ್ಲ. ಜಾಡಿ ಮುಚ್ಚಳ ತೆಗೆದೆ, ಜಯಕೇತು ನೆನಪಾದ. ಹದಿನೆಂಟು ವರ್ಷ ಕಣ್ರೀ, ಉಪ್ಪಿನ ಗಣೀಲಿ!"

"ಅವನು ಗಣೀಲಿದ್ದದ್ದಕ್ಕೆ ನನಗ್ಯಾಕೆ ಶಿಕ್ಷೆ?"

"ಹದಿನೆಂಟು ವರ್ಷ ಒಣರೊಟ್ಟಿ ತಿಂದ. ಒಂದು ದಿನ ಗೊಣಗಲಿಲ್ಲ."

"ಅವನಿಗೆ ಹೆಂಡತಿ ಇರಲಿಲ್ಲ."

ಕಮಲ ಉಪ್ಪಿನ ಜಾಡಿಯನ್ನು ತಂದು ಎಲೆಯ ಪಕ್ಕದಲ್ಲಿ ಕುಕ್ಕಿ ಒಳಗೆ ಹೋದಳು.

ಜಯಕೇತು ಒಂದು ಕಾದಂಬರಿಯ ನಾಯಕ. ಇಟ್ಟಿಗೆಯಂಥ ಮೂರು ಭಾಗಗಳು. ಕಮಲ ತವರಿನಿಂದ ತಂದ ಪೆಟ್ಟಿಗೆಯ ತಳದಲ್ಲಿದ್ದವು. ಮೊದಲ ಹಾಳೆಗಳು ಉದುರಿಹೋಗಿದ್ದರಿಂದ ಬರೆದವರು ಯಾರು, ಯಾವ ಭಾಷೆಯಿಂದ ಕನ್ನಡಕ್ಕೆ ಬಂತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಜಯಕೇತು ಸೇತುವೆ ಕಟ್ಟುವವನು. ಒಂದು ಸೇತುವೆ ಕುಸಿದಾಗ ಮೂವರು ಸುಳ್ಳುಸಾಕ್ಷಿ ಹೇಳಿ ಅವನನ್ನು ಗಣಿಗೆ ಕಳಿಸುತ್ತಾರೆ. ಮೊದಲ ಭಾಗದಲ್ಲಿ ಅವನು ನರಳುತ್ತಾನೆ. ಎರಡನೆಯದರಲ್ಲಿ ತಪ್ಪಿಸಿಕೊಂಡು ಬಂದು ಇಬ್ಬರ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ. ಮುಖವಾಡ ಹಾಕಿಕೊಂಡು ಸಾಕ್ಷಿ ಹೇಳಿದ ಮೂರನೆಯವನು ಯಾರು ಎಂಬುದು ಮೂರನೆಯ ಭಾಗಕ್ಕೆ ಉಳಿದಿತ್ತು.

ದಿನಾ ಎರಡು ಗಂಟೆಗೆ ಲಷ್ಕರ್ ಮೊಹಲ್ಲಾದ ಆ ವಠಾರದ ಹೆಂಗಸರು ಕಮಲಳ ಜಗಲಿಯಲ್ಲಿ ಸೇರುತ್ತಿದ್ದರು. ಅವರಲ್ಲಿ ಓದಲು ಬರುತ್ತಿದ್ದವಳು ಕಮಲ ಒಬ್ಬಳೇ. ಅವಳು ಓದುತ್ತಿದ್ದಳು, ಉಳಿದವರು ಅಳುತ್ತಿದ್ದರು. ನಾಲ್ಕು ಗಂಟೆಗೆ ನಲ್ಲಿಯಲ್ಲಿ ನೀರು ತಾನಾಗಿ ಬಂದು ತಾನಾಗಿ ನಿಂತುಹೋಗುತ್ತಿತ್ತು; ದೀಪ ಹಚ್ಚುವ ಹೊತ್ತಿನವರೆಗೆ ಯಾರೂ ಏಳುತ್ತಿರಲಿಲ್ಲ.

ವೆಂಕಟಸುಬ್ಬಯ್ಯನಿಗೆ ಪುಸ್ತಕದ ಮೇಲೆ ದ್ವೇಷವಿರಲಿಲ್ಲ. ಅವನ ಹೊಟ್ಟೆ ಉರಿಯುತ್ತಿದ್ದದ್ದು ಜಯಕೇತುವಿನ ಕೂದಲಿಗೆ. ಕಾಡಿಗೆಯಂಥ ಕಪ್ಪು, ಹಣೆಯ ಮೇಲೆ ಬಿದ್ದಾಗ ತಲೆಯನ್ನೊಮ್ಮೆ ಕೊಡವುತ್ತಾನಂತೆ. ಬೆಳಿಗ್ಗೆ ನಲ್ಲಿಯ ಬಳಿ ಹೆಂಗಸರು ಇದನ್ನೇ ಮಾತಾಡುತ್ತಿದ್ದರು. ವೆಂಕಟಸುಬ್ಬಯ್ಯನ ತಲೆಯಾದರೋ ನಲವತ್ತಕ್ಕೇ ಹುಣಿಸೆಹಣ್ಣು ಹಾಕಿ ಬೆಳಗಿದ ತಂಬಿಗೆಯಂತಾಗಿತ್ತು. ಕೊಡವಿದರೆ ಅಲ್ಲಾಡುವಂಥದ್ದು ಕಿವಿ ಮಾತ್ರ.

ಊಟ ಮುಗಿಸಿ ಕೈತೊಳೆಯುವಾಗ ಅವನಿಗೊಂದು ಉಪಾಯ ಹೊಳೆಯಿತು. ಕೊನೆಯ ಪುಟ ಓದಿಕೊಂಡು ಬರುವುದು, ಮೂರನೆಯವನ ಹೆಸರನ್ನು ಸಂಜೆ ಹೆಂಗಸರೆದುರು ಗಟ್ಟಿಯಾಗಿ ಹೇಳಿಬಿಡುವುದು. ಅಲ್ಲಿಗೆ ಜಯಕೇತುವಿನ ಕತೆ ಮುಗಿಯುತ್ತದೆ. ನಾಳೆ ಸಾರಿಗೆ ಉಪ್ಪು ಬೀಳುತ್ತದೆ.

ಮೂರನೆಯ ಭಾಗವನ್ನು ಕೋಟಿನೊಳಗೆ ಸೇರಿಸಿ ಗುಂಡಿ ಹಾಕಿಕೊಂಡು ಹೊರಟ. ಬಾಗಿಲಲ್ಲೇ ಎದುರುಮನೆಯ ಮಂಗಳಮ್ಮ ಸಿಕ್ಕಿದರು.

"ಏನ್ ರಾಯರೇ, ಹೊಟ್ಟೆ ಎಡಗಡೆ ಮಾತ್ರ ಊದ್ಕೊಂಡಿದೆ?"

"ವಾಯು ಕಣಮ್ಮ."

"ಚೌಕವಾಗಿದೆಯಲ್ರೀ ವಾಯು!"

ಅವನು ಓಡಿದ.

ಕಚೇರಿಯಲ್ಲಿ ಅವನು ರೆಕಾರ್ಡ್ ರೂಮಿನ ಗುಮಾಸ್ತ. ಕಡತಗಳ ನಡುವೆ ಕೂತು ಪುಸ್ತಕ ಬಿಚ್ಚಿದ. ಕೊನೆಯ ಪುಟಕ್ಕೆ ಹೋಗಬೇಕಿತ್ತು, ನವಿಲುಗರಿ ಇಟ್ಟಿದ್ದ ಕಡೆ ತೆರೆದುಕೊಂಡಿತು. ಒಂದು ಸಾಲು ಓದಿದ. ಬೆಚ್ಚಿದ.

'ಉಪ್ಪಿನ ಗಾಳಿಗೆ ಜಯಕೇತುವಿನ ಕೂದಲೆಲ್ಲ ಉದುರಿತ್ತು. ಬೋಳುತಲೆಯ ಆ ಮನುಷ್ಯನನ್ನು ಯಾರೂ ಗುರುತಿಸಲಿಲ್ಲ.'

ವೆಂಕಟಸುಬ್ಬಯ್ಯ ಕೈಯೆತ್ತಿ ತನ್ನ ತಲೆಯನ್ನು ಮುಟ್ಟಿ ನೋಡಿಕೊಂಡ. ಮತ್ತೊಂದು ಪುಟ ಓದಿದ. ಜಯಕೇತುವಿಗೆ ಮಂಡಿನೋವೂ ಇತ್ತು. ಅಯ್ಯೋ, ನಮ್ಮವನೇ! ಮುಂದೆ ಓದುತ್ತ ಹೋದ. ಬೋಳು ಜಯಕೇತು ತಾನೇ ಕಟ್ಟಿದ್ದ ಇನ್ನೊಂದು ಸೇತುವೆಯ ಕೆಳಗೆ ಒಬ್ಬನೇ ಮಳೆಯಲ್ಲಿ ಕೂತ ಜಾಗಕ್ಕೆ ಬಂದಾಗ ಅಕ್ಷರಗಳು ಮಂಜಾದವು. ಸಾಹೇಬರು ಮೂರು ಸಲ ಗಂಟೆ ಬಾರಿಸಿದ್ದು ಕೇಳಿಸಲಿಲ್ಲ. ಜವಾನ ಮರಿಯಯ್ಯ ಬಂದು ಕೆಮ್ಮಿದ್ದೂ ಕೇಳಿಸಲಿಲ್ಲ. ತಲೆಯೆತ್ತಿದಾಗ ಎದುರಿಗೆ ಸಾಹೇಬರಾದ ಏಕಾಂತಯ್ಯನವರೇ ನಿಂತಿದ್ದರು.

"ಏನ್ರೀ, ಮನೇಲಿ ಯಾರಾದ್ರೂ ಹೋಗ್ಬುಟ್ರಾ?"

"ಇಲ್ಲ ಸಾರ್. ಜಯಕೇತು…"

ಏಕಾಂತಯ್ಯನವರ ಮುಖ ಬದಲಾಯಿತು. ಪುಸ್ತಕವನ್ನು ಕಿತ್ತುಕೊಂಡು ತಿರುಗಿಸಿ ನೋಡಿದರು.

"ಮೂರನೇ ಭಾಗ! ಮೊದಲೆರಡನ್ನ ಕಾಲೇಜಿನಲ್ಲಿದ್ದಾಗ ಓದಿದ್ದೆ ಕಣ್ರೀ. ಇದು ಎಲ್ಲೂ ಸಿಗಲಿಲ್ಲ. ಆ ಮೂರನೆಯವನು ಯಾರು ಅಂತ ಇಪ್ಪತ್ತೆರಡು ವರ್ಷದಿಂದ ಕಾಯ್ತಾ ಇದೀನಿ."

"ಸಾರ್, ಅದು ನಮ್ಮ ಮನೆಯವಳದು…"

"ಕಚೇರಿ ವೇಳೇಲಿ ಕಾದಂಬರಿ ಓದೋದು ತಪ್ಪು," ಎಂದು ಹೇಳಿ ಏಕಾಂತಯ್ಯನವರು ಪುಸ್ತಕ ಓದಲು ತಮ್ಮ ಕೋಣೆಗೆ ಹೋದರು.

ಬೆಳಿಗ್ಗೆ ಜಯಕೇತುವಿನ ಮೇಲಿದ್ದ ಹೊಟ್ಟೆಕಿಚ್ಚು ಈಗ ಸಾಹೇಬರ ಮೇಲೆ ತಿರುಗಿತು. ಮುಚ್ಚಿದ ಬಾಗಿಲಿನಾಚೆಯಿಂದ ಆಗಾಗ "ಭೇಷ್!" ಎಂದೋ "ಪಾಪಿ ಮುಂಡೇಗಂಡ!" ಎಂದೋ ಕೇಳಿಬರುತ್ತಿತ್ತು. ಪ್ರತಿಸಲವೂ ವೆಂಕಟಸುಬ್ಬಯ್ಯ ಎದ್ದು ನಿಂತು, ಏನಾಗಿರಬಹುದೆಂದು ಚಡಪಡಿಸಿ ಕೂರುತ್ತಿದ್ದ. ತನ್ನ ಬೋಳು ಗೆಳೆಯ ಬೇರೆಯವರ ಕೈಗೆ ಸಿಕ್ಕಿಬಿದ್ದಿದ್ದ.

ಐದಕ್ಕೆ ಕಾಲು ಗಂಟೆಯಿರುವಾಗ ಕರೆ ಬಂತು.

"ಕೊನೇ ಪುಟಗಳು ಎಲ್ರೀ?" ಸಾಹೇಬರು ಪುಸ್ತಕವನ್ನು ತಲೆಕೆಳಗಾಗಿ ಕೊಡವಿದರು. "ಮುಖವಾಡಕ್ಕೆ ಕೈ ಹಾಕ್ತಾನೆ, ಎಳೀತಾನೆ, ಆಮೇಲೆ ಬರೀ ಹಿಂದಿನ ರಟ್ಟು!"

"ನನಗೆ ಗೊತ್ತಿಲ್ಲ ಸಾರ್."

"ರೆಕಾರ್ಡ್ ರೂಮಿನವರಾಗಿ ಕಾಗದ ಕಳೀತೀರಾ? ಬೆಳಿಗ್ಗೆ ಹತ್ತು ಗಂಟೆಗೆ ಆ ಪುಟ ನನ್ನ ಮೇಜಿನ ಮೇಲಿರ್ಬೇಕು. ಇಲ್ಲ ಅಂದ್ರೆ ಹೆಗ್ಗಡದೇವನಕೋಟೇಲಿ ಒಂದು ಜಾಗ ಖಾಲಿ ಇದೆ. ಪುಸ್ತಕ ಅಲ್ಲೀವರೆಗೂ ಇಲ್ಲೇ ಇರಲಿ."

ಹೆಗ್ಗಡದೇವನಕೋಟೆ ಎಂದರೆ ಕಾಡು, ಮಲೇರಿಯಾ, ರಾತ್ರಿಯಾದರೆ ಆನೆ. ವೆಂಕಟಸುಬ್ಬಯ್ಯನಿಗೆ ಮನೆಯವರೆಗೂ ದಾರಿ ಕಾಣಲಿಲ್ಲ.

ಪುಸ್ತಕವಿಲ್ಲದೆ ವಠಾರ ಸಾವಿನ ಮನೆಯಂತಿರುತ್ತದೆಂದು ಅವನು ಎಣಿಸಿದ್ದ. ಆದರೆ ಜಗಲಿ ತುಂಬಿತ್ತು. ಕಮಲಳ ದನಿ ಸರಾಗವಾಗಿ ಹರಿಯುತ್ತಿತ್ತು.

"ಜಯಕೇತು ತನ್ನ ದಟ್ಟವಾದ ಕೂದಲನ್ನು ಹಿಂದಕ್ಕೆ ಕೊಡವಿ, ಎಲೈ ದ್ರೋಹಿಯೇ ಎಂದು ಗರ್ಜಿಸಿದನು…"

ಕಂಬದ ಮರೆಯಿಂದ ಇಣುಕಿದ. ಅವಳ ಕೈಯಲ್ಲಿದ್ದದ್ದು ಕಳೆದ ವರ್ಷದ ಪಂಚಾಂಗ.

ಮೂಲೆಮನೆಯ ಪುಟ್ಟತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ಕಮ್ಲಮ್ಮಾರೆ, ಪುಸ್ತ್ಕ ಯಾಕೋ ಇವತ್ತು ಸಣ್ಣಕಾದಂಗದಲ್ಲ?"

"ಮುಗೀತಾ ಬಂತಲ್ಲ ಪುಟ್ಟತಾಯಮ್ಮ. ಓದ್ದಂಗೆಲ್ಲ ತೆಳ್ಳಗಾಗುತ್ತೆ."

"ಅಂಗನ್ನಿ ಮತ್ತೆ!"

ಹೆಂಗಸರು ಎದ್ದುಹೋದ ಮೇಲೆ ಅವನು ಒಳಗೆ ಬಂದ. ಕಮಲ ಚಾಪೆ ಸುತ್ತುತ್ತಿದ್ದಳು.

"ಕದ್ದ ಪುಸ್ತಕ ತಂದ್ರಾ?"

ಅವನು ಸಾಹೇಬರ ವಿಷಯವನ್ನೂ ಹೆಗ್ಗಡದೇವನಕೋಟೆಯ ವಿಷಯವನ್ನೂ ಹೇಳಿದ. "ಆ ಕೊನೇ ಪುಟಗಳನ್ನ ಕೊಟ್ಬಿಡು ಕಮಲ."

"ಇದ್ರೆ ತಾನೇ? ಅಪ್ಪನ ಮನೇಲಿದ್ದಾಗ್ಲೇ ಗೆದ್ದಲು ತಿಂದಿತ್ತು. ನಾನು ಆ ಪುಸ್ತಕ ಓದಿ ಮುಗಿಸಿ ಹನ್ನೆರಡು ದಿನ ಆಯ್ತು."

"ಮತ್ತೆ ದಿನಾ ಓದ್ತಾ ಇದ್ದದ್ದು?"

"ನಂದೇ."

"ಆ ಕೂದಲು?"

"ಅದು ಮೊದಲನೇ ದಿನದಿಂದ್ಲೂ ನಂದೇ."

ಅವನು ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. "ಯಾಕೆ ಹೀಗೆ ಮಾಡ್ದೆ?"

"ಮುಗೀತು ಅಂದ್ಬಿಟ್ರೆ ಎರಡು ಗಂಟೆಗೆ ಅವರೆಲ್ಲ ಏನ್ ಮಾಡ್ತಾರೆ?" ಎಂದಳು. ಸುತ್ತಿದ ಚಾಪೆಯನ್ನು ಗೋಡೆಗೆ ಒರಗಿಸಿದಳು. "ನಾನೇನ್ ಮಾಡ್ಲಿ?"

ಬೆಳಿಗ್ಗೆ ಹತ್ತಕ್ಕೆ ಸಾಹೇಬರ ಮೇಜಿಗೆ ಕೊನೆಯ ಪುಟಗಳು ಬೇಕಿದ್ದವು. ಇದ್ದದ್ದು ಬಿಳಿ ಹಾಳೆ ಮತ್ತು ಮಸಿ. ಬೇರೆ ದಾರಿಯಿಲ್ಲದೆ ಎರಡನ್ನೂ ತಂದು ಮಣೆಯ ಮೇಲಿಟ್ಟುಕೊಂಡು ಕೂತ. ಕಮಲ ಹುರುಳಿಕಾಯಿ ಹೆಚ್ಚುತ್ತ ಹೇಳತೊಡಗಿದಳು.

"ಜಯಕೇತುವಿನ ದಟ್ಟವಾದ ಕೂದಲು…"

"ಪುಸ್ತಕದಲ್ಲಿ ಅವನು ಬೋಳು ಕಣೇ. ಸಾಹೇಬರು ಓದಿದಾರೆ."

"ಆಮೇಲೆ ಮತ್ತೆ ಬೆಳೀತು ಅಂತ ಬರೀರಿ."

ಬರೆದ. ತನಗೆ ಸಿಕ್ಕ ಒಬ್ಬನೇ ಬೋಳು ಗೆಳೆಯನಿಗೆ ತನ್ನ ಕೈಯಾರೆ ಕೂದಲು ಅಂಟಿಸಿದ.

"ಮುಖವಾಡ ಕಳಚಿಬಿತ್ತು." ಕಮಲ ಸೂರನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ನೋಟ ಅಲ್ಲೇ ನಿಂತಿತು. "ಅವನೊಬ್ಬ ರೆಕಾರ್ಡ್ ರೂಮಿನ ಗುಮಾಸ್ತ."

ಲೇಖನಿ ನಿಂತಿತು.

"ಬರೀರಿ. ಇಲ್ಲಾಂದ್ರೆ ಹೆಗ್ಗಡದೇವನಕೋಟೆ."

ಬರೆದ.

"ತಲೆ ಬೆಳಗಿದ ತಂಬಿಗೆಯಂತಿತ್ತು. ಜಯಕೇತು ನಿರಪರಾಧಿ ಎಂದು ತೋರಿಸುವ ಕಾಗದವನ್ನು ಅವನು ಕೋಟಿನೊಳಗೆ ಅಡಗಿಸಿ ಒಯ್ದಿದ್ದನು. ಕೇಳಿದವರಿಗೆ ವಾಯು ಎಂದು ಹೇಳಿದ್ದನು."

"ಮಂಗಳಮ್ಮ ಹೇಳಿದ್ರಾ?"

"ಎಲ್ರಿಗೂ ಹೇಳಿದಾರೆ."

ಅವನು ತಲೆಯೆತ್ತದೆ ಸಣ್ಣ ದನಿಯಲ್ಲಿ ಕೇಳಿದ: "ಶಿಕ್ಷೆ ಏನು?"

ಕಮಲ ಹೆಚ್ಚಿದ ಹುರುಳಿಕಾಯಿಯನ್ನು ಪಾತ್ರೆಗೆ ಸುರಿದಳು.

"ಬದುಕಿರುವವರೆಗೂ ಉಪ್ಪಿಲ್ಲದ ಸಾರು."

ವೆಂಕಟಸುಬ್ಬಯ್ಯ ಅದನ್ನೂ ದುಂಡಾದ ಅಕ್ಷರಗಳಲ್ಲಿ ಬರೆದ. ಸಾಹೇಬರ ಮೇಜಿಗೆ ಹೋಗುವ ಕಾಗದವಾದ್ದರಿಂದ, ಹತ್ತೊಂಬತ್ತು ವರ್ಷದ ಅಭ್ಯಾಸದಂತೆ, ಕೆಳಗೆ ತಾರೀಖು ಹಾಕಿ ರುಜು ಮಾಡಿದ.